ಕಂಪ್ರೆಸರ್ ಬೈಬ್ಯಾಡ್ರಿ, ಮೊದಲ ಬಾಗಲಾ ನೋಡ್ರಿ

ಸಂಪಾದಕರಿಗೆ ನಮಸ್ಕಾರ್ರೀ.

ಹೋದ ವಾರ ನಿಮ್ಮ ಪತ್ರಿಕೆದಾಗ ಧಾರವಾಡದ ಅಂಗಡಿಕಾರರೊಬ್ಬರು ಬರದಿದ್ರು, ಫ್ರಿಜ್ ಕರೆಂಟ್ ತಿಂದು ತಿಂದು ಅಂಗಡಿ ಲಾಭ ಎಲ್ಲಾ ಬಿಲ್‌ಗೆ ಹೊಂಟೈತಿ, ಈಗಿನ ಕಂಪ್ರೆಸರ್ ಮೊದಲಿನಂಗ ಇಲ್ಲ ಅಂತ. ಓದಿ ಸುಮ್ನ ಕುಂದ್ರಾಕ ಆಗ್ಲಿಲ್ಲ. ನಾನು ಹುಬ್ಬಳ್ಯಾಗ ಇಪ್ಪತ್ತೆರಡು ವರ್ಷದಿಂದ ಫ್ರಿಜ್, ವಿಸಿ ಕೂಲರ್ (ಅಂಗಡ್ಯಾಗ ಬಾಟಲಿ ಇಡೋ ಗ್ಲಾಸ್ ಬಾಗಲಾದ ಫ್ರಿಜ್), ಡೀಪ್ ಫ್ರೀಜರ್ ರಿಪೇರಿ ಮಾಡಾಂವ. ದುರ್ಗದ ಬೈಲಿನ ಜ್ಯೂಸ್ ಅಂಗಡಿ, ಕೇಶ್ವಾಪುರದ ಐಸ್ ಕ್ರೀಮ್ ಪಾರ್ಲರ್, ಧಾರವಾಡ ಲೈನ್ ಬಜಾರದ ಸ್ವೀಟ್ ಅಂಗಡಿ ಎಲ್ಲಾ ಕಡೆ ಕೈ ಹಾಕೇನಿ. "ಕಂಪ್ರೆಸರ್ ಹೋಗೇತಿ, ಲಗೂನ ಬಾ" ಅಂತ ಫೋನ್ ಬರತೈತಿ, ಹೋಗಿ ನೋಡಿದ್ರ ಎಷ್ಟೋ ಸಲ ಕಂಪ್ರೆಸರ್ ಕಲ್ಲಿನಂಗ ಗಟ್ಟಿ ಇರತೈತಿ, ಕೆಟ್ಟಿದ್ದು ಬಾಗಲಾ. ಗ್ಲಾಸ್ ಬಾಗಲಾ. ಆದ್ರ ಬಾಗಲಾದ ಬಗ್ಗೆ ಯಾರೂ ಮಾತಾಡಂಗಿಲ್ಲ, ಎಷ್ಟು ಲೀಟರ್, ಎಷ್ಟು ವರ್ಷ ಗ್ಯಾರಂಟಿ, ಇಷ್ಟ ಕೇಳ್ತಾರ.

ಸಿಬಿಟಿ ಹತ್ರ ಒಬ್ಬರು ಬೇಕರಿ ಸಾವಕಾರರು ಅದಾರ. ಒಂದ್ ಜುಲೈ ತಿಂಗಳದಾಗ, ಜಿಟಿಜಿಟಿ ಮಳಿ ಹಿಡದಿತ್ತು, ಫೋನ್ ಮಾಡಿ ಬೈದ್ರು: "ಏ ತಮ್ಮಾ, ಮೇ ತಿಂಗಳದಾಗ ಅಷ್ಟ ಬಿಸಲಿದ್ರೂ ಬಾಗಲಾ ಒಣಾ ಒಣಾ ಇತ್ತು, ಈಗ ಇಷ್ಟ ತಂಪ್ ಹವಾದಾಗ ನೀರ ಇಳ್ಯಾಕತ್ತೈತಿ, ಒಳಗಿನ ಕೇಕ್ ಕಾಣವಲ್ದು, ನೀ ಗ್ಯಾಸ್ ಸರಿ ತುಂಬಿಲ್ಲ." ನಾ ಅಂದೆ, ಗ್ಯಾಸಿಂದಲ್ರೀ ಸಾವಕಾರ್ರ, ಹವಾದ್ದು. ನಂಬಲಿಲ್ಲ ಅವರು. ಈ ಮಾತು ಎಲ್ಲಾ ಅಂಗಡ್ಯಾಗೂ ಬರತೈತಿ, ಅದಕ್ಕ ಸ್ವಲ್ಪ ಬಿಡಿಸಿ ಹೇಳ್ತೇನಿ.

ಹವಾದಾಗ ನೀರಿನ ಆವಿ ಇರತೈತಿ. ಯಾವುದರ ಮೈ ಒಂದು ಮಟ್ಟಕ್ಕಿಂತ ತಂಪ್ ಆತಂದ್ರ ಆ ಆವಿ ಅದರ ಮ್ಯಾಲೆ ಹನಿ ಆಗಿ ಕುಂಡ್ರತೈತಿ. ಆ ಮಟ್ಟಕ್ಕ ಡ್ಯೂ ಪಾಯಿಂಟ್ ಅಂತಾರ. ನಮ್ಮ ಕಡೆ ಬ್ಯಾಸಗಿ ಅಂದ್ರ ಒಣ ಬ್ಯಾಸಗಿ. 36 ಡಿಗ್ರಿ ಬಿಸಲು, ಹವಾದಾಗಿನ ತೇವ ಬರೇ 25 ಪರ್ಸೆಂಟ್ ಇತ್ತಂದ್ರ ಡ್ಯೂ ಪಾಯಿಂಟ್ ಸುಮಾರು 13 ಡಿಗ್ರಿ. ಅದ ಮಳಿಗಾಲದಾಗ 25 ಡಿಗ್ರಿ ಇದ್ದು ತೇವ 90 ಪರ್ಸೆಂಟ್ ಆತಂದ್ರ ಡ್ಯೂ ಪಾಯಿಂಟ್ 23ಕ್ಕ ಹೋಗಿ ಕುಂಡ್ರತೈತಿ. ಅಂದ್ರ ಗ್ಲಾಸು ಬರೇ ಎರಡು ಡಿಗ್ರಿ ತಂಪಾದ್ರ ಸಾಕು, ಬೆವರಾಕ ಚಾಲೂ. ಒಳಗ 4 ಡಿಗ್ರಿ ಇಟ್ಟಿರೋ ಕೂಲರ್‌ಗೆ ಸಾದಾ ಎರಡು ಪದರದ ಗ್ಲಾಸ್ ಇದ್ರ ಆವತ್ತು ಹೊರಗಿನ ಮೈ ನನ್ನ ಲೆಕ್ಕದಾಗ 17-18 ಡಿಗ್ರಿ ಇರತೈತಿ. ಬೆವರಲಾರದ ಏನ್ ಮಾಡತೈತಿ?

ಅದಕ್ಕ ಬಾಗಲಾ ಡಿಜೈನ್ ಮಾಡಾವ್ರ ಕೆಲಸ ಏನಪ ಅಂದ್ರ ಹೊರಗಿನ ಗ್ಲಾಸಿಗೆ ಒಳಗಿನ ತಂಪು ಮುಟ್ಟಲಾರದಂಗ ಮಾಡೋದು. ಎರಡು ಗ್ಲಾಸ್ ನಡುವ ಜಾಗ ಬಿಟ್ಟು ಸುತ್ತಲೂ ಸೀಲ್ ಮಾಡ್ತಾರ. ಜಾಗ ಎಷ್ಟು ಅಗಲಾದ್ರ ಅಷ್ಟು ಚೊಲೊ ಅಂತ ತಿಳ್ಕೊಬ್ಯಾಡ್ರಿ, 12 ಮಿಲಿಮೀಟರ್ ಆಸುಪಾಸು ಇದ್ರ ಬರೋಬ್ಬರಿ, ಭಾಳ ಅಗಲ ಮಾಡಿದ್ರ ನಡುವಿನ ಹವಾ ಒಳಗ ತಿರುಗಾಕ ಹತ್ತಿ ತಾನ ತಂಪು ಸಾಗಸ್ತೈತಿ. ಆ ಜಾಗದಾಗ ಹವಾ ಬದ್ಲಿ ಆರ್ಗಾನ್ ತುಂಬಿದ್ರ ಇನ್ನೂ ಚೊಲೊ, ಅದು ಶಾಖಾ ಸಾಗಸೋದು ಹವಾದ ಮೂರರಾಗ ಎರಡು ಪಾಲಷ್ಟ. ಆರ್ಗಾನ್ ಅಂದ್ರ ಏನೋ ಫಾರಿನ್ ಮಾಲ್ ಅಲ್ರೀ, ನಾವು ಉಸಿರಾಡೋ ಹವಾದಾಗನ ನೂರಕ್ಕ ಒಂದು ಪಾಲಿನ ಹತ್ರ ಹತ್ರ ಐತಿ. ಇದರ ಮ್ಯಾಲೆ ಲೋ-ಇ ಕೋಟಿಂಗ್ ಅಂತ ಬರತೈತಿ, ಗ್ಲಾಸಿನ ಒಂದು ಮೈಗೆ ಬೆಳ್ಳಿದೋ ತವರದ ಆಕ್ಸೈಡದೋ ಕಣ್ಣಿಗೆ ಕಾಣದಷ್ಟು ತೆಳ್ಳನ ಲೇಪ. ಹಳೇ ಥರ್ಮಾಸ್ ಫ್ಲಾಸ್ಕ್ ಒಳಗ ಕನ್ನಡಿಯಂಗ ಮಿಂಚತಿತ್ತಲಾ, ಅದರ ತಮ್ಮ ಅನ್ರಿ. ಬೆಳಕು ಬಿಡತೈತಿ, ಶಾಖಾ ತಿರುಗಿ ಕಳಸ್ತೈತಿ. ಈ ಎರಡೂ ಇದ್ರ ಅದ ಜುಲೈ ದಿವಸ ಹೊರಗಿನ ಗ್ಲಾಸು 21ರ ಮ್ಯಾಲೆ ನಿಲ್ಲತೈತಿ. ಖರೇ ಹೇಳಬೇಕಂದ್ರ 90 ಪರ್ಸೆಂಟ್ ತೇವ ಇದ್ದಾಗ ಇದೂ ಒಂದೀಟ್ ಬೆವರತೈತಿ, ಆದ್ರ ನೀರು ಹರದು ಕೆಳಗ ಕಡಪಾ ಕಲ್ಲಿನ ಮ್ಯಾಲೆ ಕೆರಿ ಆಗಂಗಿಲ್ಲ, ಗಿರಾಕಿ ಕಾಲು ಜಾರಂಗಿಲ್ಲ.

ಇನ್ನ ಚೌಕಟ್ಟು. ನೋಡಾಕ ಚೊಲೊ ಕಾಣ್ತೈತಿ ಅಂತ ಅಲ್ಯೂಮಿನಿಯಂ ಫ್ರೇಮ್ ಹಾಕ್ತಾರ, ಅದು ಪಿವಿಸಿಗಿಂತ ಸಾವಿರ ಪಟ್ಟು ಶಾಖಾ ಸಾಗಸ್ತೈತಿ. ಅದಕ್ಕ ನಿಮ್ಮ ಫ್ರಿಜ್ ಬಾಗಲಾ ನಡುವ ಒಣಾ ಇದ್ರೂ ಅಂಚು, ಮೂಲಿ ಮೊದಲ ಬೆವರತಾವು. ಗ್ಲಾಸ್ ನಡುವ ಕೂಡಿಸೋ ಸ್ಪೇಸರ್ ಪಟ್ಟಿನೂ ಅಲ್ಯೂಮಿನಿಯಂದ್ದ ಇದ್ರ ಮುಗೀತು. ಆ ಪಟ್ಟಿ ಒಳಗ ತೇವ ಹೀರೋ ಸಣ್ಣ ಸಣ್ಣ ಗುಂಡು ತುಂಬಿರ್ತಾರ. ಸೀಲ್ ಬಿಟ್ಟು ಆ ಗುಂಡು ನೀರು ಕುಡದು ಕುಡದು ಸಾಕಾದ ಮ್ಯಾಲೆ ಎರಡು ಗ್ಲಾಸಿನ ನಡುವನ ಮಂಜು ಕಟ್ಟತೈತಿ, ಹೊರಗಿಂದ ಒರಸಿದ್ರೂ ಹೋಗಂಗಿಲ್ಲ, ಒಳಗಿಂದ ಒರಸಿದ್ರೂ ಹೋಗಂಗಿಲ್ಲ. ಆವಾಗ "ಗ್ಲಾಸಿಗೆ ಗ್ಯಾಸ್ ತುಂಬಿ ಕೊಡು" ಅಂತ ನನ್ನ ಕೇಳ್ತಾರ. ನನ್ನ ಸಿಲಿಂಡರ್‌ನ್ಯಾಗಿರೋದು ಕಂಪ್ರೆಸರ್ ಗ್ಯಾಸ್ರೀ, ಅದು ಬ್ಯಾರೆ, ಇದು ಬ್ಯಾರೆ. ಸೀಲ್ ಹೋದ ಗ್ಲಾಸಿಗೆ ಅಂಗಡ್ಯಾಗ ನಿಂತು ಮಾಡೋ ರಿಪೇರಿ ಇಲ್ಲ, ಗ್ಲಾಸ್ ಜೋಡಿನ ಬದ್ಲಿ ಮಾಡಬೇಕು.

ಖರೇ ತಕರಾರು ಇರೋದು ಫ್ರೀಜರ್‌ದಾಗ. ಐಸ್ ಕ್ರೀಮ್ ಇಡಬೇಕಂದ್ರ ಒಳಗ ಮೈನಸ್ 18. ಆ ಬಾಗಲಾಕ್ಕ ಎರಡು ಪದರ ಸಾಲಂಗಿಲ್ಲ, ಮೂರು ಬೇಕು. ಅದಕ್ಕೂ ಮೀರಿ ಒಳಗಿನ ಸಮಸ್ಯೆ ಒಂದೈತಿ, ಗಿರಾಕಿ ಬಾಗಲಾ ತಗದ ಕೂಡ್ಲೆ ಹೊರಗಿನ ಹಸಿ ಹವಾ ಒಳಗಿನ ತಣ್ಣನ ಗ್ಲಾಸಿಗೆ ಬಡದು ಬೆಳ್ಳಗ ಆಗತೈತಿ, ಮುಚ್ಚಿದ ಮ್ಯಾಲೆ ಏನೂ ಕಾಣಂಗಿಲ್ಲ, ಮುಂದಿನ ಗಿರಾಕಿ ಏನೈತಿ ಅಂತ ನೋಡಾಕ ಮತ್ತ ತಗೀತಾನ. ಹಿಂಗ ಸಂಜಿತನಕಾ. ಇದಕ್ಕಂತನ ಫ್ರೇಮ್ ಒಳಗ ಹೀಟರ್ ವೈರ್ ಎಳೀತಾರ, ಕೆಲವು ಬಾಗಲಾಕ್ಕ ಗ್ಲಾಸಿನ ಮೈಗೆ ಕರೆಂಟ್ ಹರಿಯೋ ಲೇಪ ಹಚ್ಚಿ ಇಡೀ ಗ್ಲಾಸನ್ನ ಬೆಚ್ಚಗ ಇಡ್ತಾರ. ಅಂದ್ರ ನೋಡ್ರಿ, ತಂಪ್ ಮಾಡೋ ಪೆಟ್ಟಿಗಿ, ಅದರ ಬಾಗಲಾಕ್ಕ ಒಲಿ! ಮೊದಲ ಸಲ ನೋಡಿದಾಗ ನಾನೂ ನಕ್ಕಿದ್ದೆ. ಅದು ಬೇಕ ಬೇಕು, ಇಲ್ಲಂದ್ರ ಮಳಿಗಾಲದಾಗ ಗ್ಯಾಸ್ಕೆಟ್, ಅಂದ್ರ ಬಾಗಲಾದ ಅಂಚಿನ ರಬ್ಬರ್ ಪಟ್ಟಿ, ಹಿಮ ಹಿಡದು ಬಾಗಲಾ ಅಂಟಿ ಕುಂಡ್ರತೈತಿ, ಜಗ್ಗಿದ್ರ ರಬ್ಬರ್ ಕಿತ್ತು ಕೈಗೆ ಬರತೈತಿ.

ಆದ್ರ ಈ ಹೀಟರ್ 24 ತಾಸೂ, 12 ತಿಂಗಳೂ ಯಾಕ ಉರೀಬೇಕು? ಒಂದು ಪಾರ್ಲರ್‌ದಾಗ ಏಪ್ರಿಲ್ ತಿಂಗಳು ಕರೆಂಟ್ ಅಳಿಯೋ ಕ್ಲಾಂಪ್ ಮೀಟರ್ ಹಚ್ಚಿ ನೋಡಿದೆ, ಬರೇ ಬಾಗಲಾದ ಹೀಟರ್ 120 ವ್ಯಾಟ್ ಎಳ್ಯಾಕತ್ತಿತ್ತು. ದಿನಕ್ಕ ಮೂರು ಯೂನಿಟ್‌ಗೆ ಒಂಚೂರು ಕಡಿಮಿ, ತಿಂಗಳಿಗೆ 86 ಯೂನಿಟ್. ಹೊರಗ ನೆಲಾ ಸೀಳೋ ಒಣ ಬಿಸಲು, ಆವತ್ತು ಆ ಬಾಗಲಾಕ್ಕ ಅದರಾಗ ಅರ್ಧ ಶಾಖಾನೂ ಬೇಕಿರಲಿಲ್ಲ. ಅಷ್ಟಕ್ಕ ಮುಗ್ಯಂಗಿಲ್ಲ, ಹೀಟರಿನ ಶಾಖಾದಾಗ ಒಂದು ಪಾಲು ಒಳಗ ಇಳೀತೈತಿ, ಅದನ್ನ ಹೊರಗ ಹಾಕಾಕ ಕಂಪ್ರೆಸರ್ ಮತ್ತ ಓಡಬೇಕು. ಅಲ್ಲಿಗೆ ಒಂದ ಕೆಲಸಕ್ಕ ಎರಡು ಸಲ ರೊಕ್ಕಾ. ಗೃಹಜ್ಯೋತಿ ಮನಿಗೆ ಐತಿ, ಅಂಗಡಿಗಿಲ್ಲ. ಧಾರವಾಡದ ಅಣ್ಣಾರು ಬೈದಿದ್ದು ಕಂಪ್ರೆಸರ್‌ಗೆ, ಪಾಪ ಅದು ಬಾಗಲಾ ಮಾಡಿದ ತಪ್ಪಿಗೆ ದುಡ್ಯಾಕತ್ತಿರತೈತಿ.

ಅಮೆರಿಕಾದಾಗ ಇದಕ್ಕ 2007ರ ಒಂದು ಕಾಯ್ದೆ ಐತಿ. ಒಳಗ ಮನಿಶ್ಯಾ ಹೊಕ್ಕು ಅಡ್ಡಾಡುವಷ್ಟು ದೊಡ್ಡ ಫ್ರೀಜರ್ ಇದ್ರ, ಅದರ ಗ್ಲಾಸ್ ಬಾಗಲಾ 2009ರಿಂದ ಮೂರು ಪದರದ್ದ ಆಗಿರಬೇಕು, ಬಾಗಲಾದ ಹೀಟರು ಒಂದು ಚದರ ಅಡಿಗೆ 7.1 ವ್ಯಾಟ್ ದಾಟಬಾರದು, ಕೂಲರ್ ಆದ್ರ 3 ವ್ಯಾಟ್. ದಾಟಬೇಕಂದ್ರ ಹವಾದ ತೇವಾನೋ ಗ್ಲಾಸಿನ ಮ್ಯಾಲಿನ ಹನಿನೋ ನೋಡಿ ತಾನ ಕಡಿಮಿ ಆಗೋ ಕಂಟ್ರೋಲ್ ಇರಬೇಕು. ನಮ್ಮ ದೇಶದಾಗ ಬಿಇಇಯವರು, ಅಂದ್ರ ಕರೆಂಟ್ ಉಳಿತಾಯ ನೋಡೋ ಕೇಂದ್ರ ಸರ್ಕಾರದ ಸಂಸ್ಥೆಯವರು, 2020ರಾಗ ಡೀಪ್ ಫ್ರೀಜರ್‌ಗೂ ಸ್ಟಾರ್ ಲೇಬಲ್ ತಂದ್ರು, ಚೊಲೊ ಆತು. ಆದ್ರ ಸ್ಟಾರ್ ಎಣಿಸಿದ್ರ ಬಾಗಲಾಕ್ಕ ಎಷ್ಟು ಪದರ, ಹೀಟರ್ ಎಷ್ಟು ವ್ಯಾಟ್ ಅಂತ ಅಂಗಡಿಕಾರಗ ತಿಳಿಯಂಗಿಲ್ಲ.

ತಿಳಿಯೋದರ ಯಾರಿಗೆ ಬೇಕಾಗೇತಿ ಹೇಳ್ರಿ. ನಮ್ಮ ಕಡೆ ಎಷ್ಟೋ ಅಂಗಡ್ಯಾಗಿರೋ ಗ್ಲಾಸ್ ಡೋರ್ ಫ್ರಿಜ್ ಅಂಗಡಿಕಾರ ರೊಕ್ಕಾ ಕೊಟ್ಟು ತಂದಿದ್ದಲ್ಲ, ಮಾಲ್ ಮಾರೋ ಕಂಪನಿಯವರು ತಮ್ಮ ಹೆಸರು ಬರಸಿ ಪುಕ್ಕಟೆ ತಂದು ಇಟ್ಟಿದ್ದು. ಫ್ರಿಜ್ ಆರಿಸಾಂವ ಒಬ್ಬ, ಬಿಲ್ ಕಟ್ಟಾಂವ ಇನ್ನೊಬ್ಬ. ಆರಿಸಾಂವಗ ಬಾಟಲಿ ಫಳಫಳ ಕಾಣಬೇಕು, ರೇಟ್ ಕಡಿಮಿ ಇರಬೇಕು. ಮೂರನೇ ಪದರಕ್ಕ, ಲೋ-ಇಗೆ ಅಂವಾ ಯಾಕ ರೊಕ್ಕಾ ಹಾಕ್ಯಾನು? ಅದರ ಲಾಭ ಹೋಗೋದು ಅಂಗಡಿಕಾರನ ಕಿಸೆಕ್ಕ. ಇಡೀ ಡಿಜೈನ್ ಹಿಂಗ ಯಾಕೈತಿ ಅನ್ನೋದಕ್ಕ ನನ್ನ ತಿಳುವಳಿಕ್ಯಾಗ ಇದ ಕಾರಣ, ಇಂಜಿನಿಯರ್‌ಗೆ ಬರಂಗಿಲ್ಲ ಅಂತಲ್ಲ.

ಹೊಸಾದ್ ತಗೊಳ್ಳೋ ಮುಂದ ನೀವ ಪರೀಕ್ಷಾ ಮಾಡಬಹುದು. ಕತ್ತಲ ಇರೋ ಕಡೆ ಬಾಗಲಾದ ಮುಂದ ಕಡ್ಡಿ ಗೀರಿ ಹಿಡದು ಓರಿ ಆಗಿ ನೋಡ್ರಿ. ಒಂದೊಂದು ಗ್ಲಾಸಿಗೆ ಎರಡೆರಡು ಜ್ವಾಲಿ ಕಾಣತಾವು, ನಾಲ್ಕು ಕಂಡ್ರ ಎರಡು ಪದರ, ಆರು ಕಂಡ್ರ ಮೂರು. ಅದರಾಗ ಒಂದರ ಬಣ್ಣ ಉಳದವಕ್ಕಿಂತ ಬ್ಯಾರೆ ಕಂಡ್ರ ಲೋ-ಇ ಐತಿ ಅಂತ ಅರ್ಥ. ಎಲ್ಲಾ ಒಂದ ಬಣ್ಣ ಇದ್ರ, ಲೋ-ಇ ಐತಿ ಅಂತ ಸೇಲ್ಸ್‌ಮನ್ ಹೇಳಿದ್ದು ಸುಳ್ಳು. ಹಳೇದು ಇದ್ರ ಬಾಗಲಾದಾಗ ಒಂದು ನೋಟು ಸಿಗಸಿ ಜಗ್ಗರಿ, ಸಲೀಸ ಬಂತಂದ್ರ ಮ್ಯಾಗ್ನೆಟ್ ರಬ್ಬರ್ ಸತ್ತೈತಿ, ಬದ್ಲಿ ಮಾಡಸ್ರಿ, ಭಾಳ ಖರ್ಚಿಲ್ಲ. ಮತ್ತ ಮುಂದಿನ ಕಾಲು ಹಿಂದಿನದಕ್ಕಿಂತ ಒಂಚೂರು ಎತ್ತರ ಇಡ್ರಿ, ಬಾಗಲಾ ತಾನ ಮುಚ್ಚಕೊಳ್ಳತೈತಿ. ಇದನ್ನ ಮಾಡಲಾರದ ಸ್ಪ್ರಿಂಗ್ ಹೋಗೇತಿ ಅಂತ ನನ್ನ ಕರಸ್ತಾರ, ನಾ ಒಂದು ಹಂಚಿನ ಚೂರು ಕೊಟ್ಟು ಬರ್ತೇನಿ.

ಒಂದು ನನ್ನ ತಪ್ಪೂ ಹೇಳಬೇಕು. ಮೊದಮೊದಲು ಬಾಗಲಾದ ಗ್ಲಾಸ್ ಒಡದ್ರ ಗ್ಲಾಸ್ ಅಂಗಡಿಗೆ ಹೋಗಿ 5 ಎಂಎಂ ಸಾದಾ ಗ್ಲಾಸ್ ಕೊಯ್ಸಿ ತಂದು ಕೂಡಿಸಿ ಕೊಡ್ತಿದ್ದೆ, ಅಗ್ಗಾ ಆತು ಅಂತ ಅವರೂ ಖುಷಿ, ನಾನೂ ಖುಷಿ. ಒಂದ್ ಸಲ ಅಂಥಾ ಬಾಗಲಾ ಒಡದು ಕೆಲಸದ ಹುಡುಗನ ಮುಂಗೈಗೆ ಏಳು ಹೊಲಿಗಿ ಬಿದ್ದವು. ಕಂಪನಿ ಬಾಗಲಾದ್ದು ಟಫನ್ ಮಾಡಿದ ಗ್ಲಾಸು, ಒಡದ್ರ ಕಲ್ಲುಸಕ್ಕರಿಯಂಗ ಸಣ್ಣ ಸಣ್ಣ ಚೂರ ಆಗತೈತಿ, ಚೂರಿಯಂಗ ಸೀಳು ಬರಂಗಿಲ್ಲ. ಅದನ್ನ ಟಫನ್ ಮಾಡಿದ ಮ್ಯಾಲೆ ಕೊಯ್ಯಾಕ ಬರಂಗಿಲ್ಲ, ಅಳತಿ ಕೊಟ್ಟು ಮಾಡಿಸಿ ತರಬೇಕು, ನಾಕು ದಿವಸ ಹಿಡೀತೈತಿ, ಹಿಡೀಲಿ. ಆವತ್ತಿನಿಂದ ಸಾದಾ ಗ್ಲಾಸ್ ಹಾಕೋದು ಬಿಟ್ಟೆ. ಇನ್ನೂ ಹಾಕಾವ್ರು ಅದಾರ ಅನ್ನೋದೂ ನನಗ ಗೊತ್ತೈತಿ.

ನಾ ಕೇಳೋದು ದೊಡ್ಡದೇನಲ್ಲ. ಬಾಗಲಾದ ಮ್ಯಾಲೆ ಒಂದು ಚೀಟಿ ಅಂಟಸ್ರಿ: ಎಷ್ಟು ಪದರ, ಲೋ-ಇ ಐತೋ ಇಲ್ಲೋ, ಹೀಟರ್ ಎಷ್ಟು ವ್ಯಾಟ್. ಹೀಟರಿಗೆ ತೇವ ನೋಡೋ ಕಂಟ್ರೋಲ್ ಕೊಡ್ರಿ, ಅದೂ ಆಗಲಿಲ್ಲಂದ್ರ ಬ್ಯಾಸಗಿಗೆ, ಮಳಿಗಾಲಕ್ಕ ಅಂತ ಕಡಿಮಿ-ಜಾಸ್ತಿ ಮಾಡೋ ಒಂದು ಸ್ವಿಚ್ ಆದ್ರೂ ಕೊಡ್ರಿ. ಪುಕ್ಕಟೆ ಫ್ರಿಜ್ ಇಡಾಕ ಬಂದ ಕಂಪನಿ ಮನಿಶ್ಯಾಗ ಅಂಗಡಿಕಾರರ ಸಂಘದವರು ಇಷ್ಟ ಕೇಳಿದ್ರೂ ಸಾಕು, ಒಬ್ಬೊಬ್ಬರ ಕೇಳಿದ್ರ ಅವರು ನಕ್ಕು ಹೋಗ್ತಾರ. ಮತ್ತ ನಮ್ಮ ಗೋಕುಲ ರೋಡ್, ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ಇಷ್ಟು ವರ್ಕ್‌ಶಾಪ್ ಅದಾವು. ಹಳೇ ಫ್ರೀಜರಿನ ಪೆಟ್ಟಿಗಿ, ಕಂಪ್ರೆಸರ್ ಚೊಲೊ ಇದ್ದು ಬಾಗಲಾ ಅಷ್ಟ ಕೆಟ್ಟಿರೋವು ಎಷ್ಟೋ ಗುಜರಿಗೆ ಹೊಂಟಾವು. ಅಳತಿ ತಗೊಂಡು ಮೂರು ಪದರದ ಪಿವಿಸಿ ಚೌಕಟ್ಟಿನ ಬಾಗಲಾ ಮಾಡಿ ಕೊಡಾವ್ರು ಯಾರಾದ್ರೂ ಇಲ್ಲೆ ಚಾಲೂ ಮಾಡಿದ್ರ ಕೂಡಿಸೋ ಕೆಲಸಕ್ಕ ನಾ ತಯಾರ ಅದೀನಿ.

ಇಂತಿ ನಿಮ್ಮ ಓದುಗ,
ಒಬ್ಬ ಫ್ರಿಜ್ ಮೆಕ್ಯಾನಿಕ್, ಹಳೇ ಹುಬ್ಬಳ್ಳಿ

ತಾ.ಕ.: ಬೆವರಿದ ಗ್ಲಾಸನ್ನ ಭಾಳ ಅಂಗಡ್ಯಾಗ ನಿಮ್ಮ ಪೇಪರ್‌ಲೆನ ಒರಸ್ತಾರ. ಹೊರಗಿನ ಮೈಗೆ ಒರಸಿದ್ರ ಅಡ್ಡಿಯಿಲ್ಲ. ಫ್ರೀಜರ್ ಒಳಮೈಗೆ ಮಂಜು ಹಿಡೀಲಾರದಂಗ ಫಿಲ್ಮ್ ಅಂಟಿಸಿರ್ತಾರ, ಅದಕ್ಕ ಪೇಪರ್ ಉಜ್ಜಿದ್ರ ಗೀರು ಬೀಳತಾವು, ಮೆತ್ತನ ಅರಬಿ ತಗೋರಿ.