ನನ್ನ ದನಿಯ ನೆಂಟರಿಗೆಲ್ಲ ಶರಣು

ಮೊನ್ನೆ ರಾಯಚೂರಿನಲ್ಲಿ ನನಗೆ 80 ತುಂಬಿದ ನೆಪಕ್ಕೆ ನೀವೆಲ್ಲ ಸೇರಿದ್ದಿರಿ. ಸಿಂಧನೂರು, ಮಾನ್ವಿ, ಅತ್ತ ಗಂಗಾವತಿಯಿಂದಲೂ ಬಸ್ ಹತ್ತಿ ಬಂದಿದ್ದಿರಿ. ಅಲ್ಲಿ ಗಂಟಲು ಕಟ್ಟಿ ಮಾತು ಹೊರಡಲಿಲ್ಲ. ಅದಕ್ಕೆ ಈಗ ಬರೆಯುತ್ತಿದ್ದೇನೆ.

ಮೊದಲ ಶರಣು ನಾಟಕ ಕಂಪನಿಯ ಮಾಸ್ತರರಿಗೆ. ಕೊನೆಯ ಸಾಲಿನಲ್ಲಿ ಕೂತವನಿಗೂ ಮಾತು ಮುಟ್ಟಬೇಕು ಅಂತ ನನ್ನ ಗಂಟಲು ಪಳಗಿಸಿದವರು ಅವರು. 1966ರಲ್ಲಿ ಕಲಬುರಗಿ ಆಕಾಶವಾಣಿ ಶುರುವಾಯಿತು. ಮುಂದೆ ನಾನೂ ಧ್ವನಿ ಪರೀಕ್ಷೆ ಪಾಸಾದೆ. ವಾಡಿ ಮೇಲಿನ ರೈಲಿನಲ್ಲಿ ಓಡಾಟ ಸುರುವಾಯಿತು. ಅಲ್ಲಿನ ನಾಟಕ ವಿಭಾಗದವರು ಕಲಿಸಿದ ಪಾಠವೇ ಬೇರೆ. ಸಿಟ್ಟಿನ ಮಾತಿಗೆ ಮೈಕಿನಿಂದ ಅರ್ಧ ಹೆಜ್ಜೆ ಹಿಂದೆ, ಗುಟ್ಟಿನ ಮಾತಿಗೆ ತೀರಾ ಹತ್ತಿರ. ಹಾಳೆ ಸರಿದ ಸದ್ದೂ ಕೇಳಬಾರದು. ಪಿನ್ ಬಿಚ್ಚಿ, ಓದಿ ಮುಗಿದ ಹಾಳೆಯನ್ನು ಮೆಲ್ಲಗೆ ಪಕ್ಕಕ್ಕಿಡುತ್ತಿದ್ದೆವು. ಮೂಲೆಯಲ್ಲಿ ಒಬ್ಬರು ತೆಂಗಿನ ಚಿಪ್ಪು ಬಡಿದರೆ ಕುದುರೆ ಓಡುತ್ತಿತ್ತು, ತಗಡು ಅಲುಗಿಸಿದರೆ ಗುಡುಗು. ಅವರಿಲ್ಲದಿದ್ದರೆ ನಮ್ಮ ನಾಟಕ ಬರೀ ಓದಾಗುತ್ತಿತ್ತು. ಆ ಹಿರಿಯರಿಗೆ ನನ್ನ ಪಾಲಿನ ಚಪ್ಪಾಳೆಯಲ್ಲಿ ಅರ್ಧ ಸಲ್ಲಬೇಕು.

ಆಮೇಲೆ ಟಿವಿ. 1975ರ ಆಗಸ್ಟ್‌ನಿಂದ ಒಂದು ವರ್ಷ, ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಬಂತು. ಅದರಲ್ಲಿ ನಮ್ಮ ರಾಯಚೂರು ಜಿಲ್ಲೆಯೂ ಇತ್ತು. ಆಗ ಕೊಪ್ಪಳ ಕೂಡ ನಮ್ಮ ಜಿಲ್ಲೆಯೇ ಅಲ್ವಾ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾಗಿದ್ದು 1981ರಲ್ಲಿ. ಅದಕ್ಕೂ ಮೊದಲೇ ನಮ್ಮ ಹಳ್ಳಿಯವರು ಟಿವಿ ಮುಂದೆ ಕೂತಿದ್ದರು! ನಮ್ಮ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಒಂದೇ ಚಿತ್ರಕ್ಕೆ ಎರಡು ಭಾಷೆಯ ಧ್ವನಿ ಕಳಿಸುವ ಏರ್ಪಾಡಿತ್ತು. ರೇಡಿಯೊ ವಿದ್ಯೆ ಅಲ್ಲಿ ನನ್ನ ಕೈ ಹಿಡಿಯಿತು. ಪುಸ್ತಕದ ಕನ್ನಡ ಬೇಡ, ನಿಮ್ಮ ಊರಲ್ಲಿ ಮಾತಾಡಿದ ಹಾಗೇ ಮಾತಾಡಿ ಅಂದ ನಿರ್ಮಾಪಕರನ್ನು ಮರೆಯಲಾರೆ.

ಶಾಲೆ ಅಂಗಳದಲ್ಲಿ ಜಾಲರಿಯ ದೊಡ್ಡ ಆಂಟೆನಾ, ಕೆಳಗೆ ಚಾಪೆ ಹಾಸಿ ಕೂತ ಊರು. "ಇವ ನಮ್ಮ ಕಡೆಯವನೇ, ಮಾತು ಕೇಳ್ರಿ" ಅಂತ ಒಬ್ಬ ಅಜ್ಜಿ ಅಂದದ್ದು ನನ್ನ ಕಿವಿಗೆ ಬಿತ್ತು. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬಂದಿಲ್ಲ.

ಇನ್ನು ನನ್ನ ಮನೆಯಾಕೆ. ರೊಟ್ಟಿ ಬಡಿಯುತ್ತಲೇ ಎದುರು ಪಾತ್ರದ ಮಾತೆಲ್ಲ ಹೇಳುತ್ತಿದ್ದಳು. ನನಗಿಂತ ಮೊದಲು ಅವಳಿಗೇ ಬಾಯಿಪಾಠ ಆಗಿರುತ್ತಿತ್ತು. ರೇಡಿಯೊ ಚೆಕ್ ಬರುವ ತನಕ ಮನೆ ನಡೆದದ್ದು ಅವಳ ಹೊಲಿಗೆ ಮಷೀನಿನಿಂದ. ಮೊನ್ನೆ ಮೊದಲ ಶಾಲನ್ನು ಅವಳಿಗೇ ಹೊದಿಸಿದಿರಲ್ಲ, ಆ ಉಪಕಾರ ದೊಡ್ಡದು.

ಕೊನೆಗೊಂದು ಕೋರಿಕೆ. ಆಗ ಟೇಪನ್ನು ಅಳಿಸಿ ಮತ್ತೆ ಬಳಸುತ್ತಿದ್ದರು, ಹಾಗಾಗಿ ನಮ್ಮ ಎಷ್ಟೋ ನಾಟಕಗಳು ಉಳಿದಿಲ್ಲ. ನಿಮ್ಮ ಮನೆಯಲ್ಲಿ ರೇಡಿಯೊದಿಂದ ತುಂಬಿಸಿಟ್ಟ ಕ್ಯಾಸೆಟ್ ಇದ್ದರೆ ದಯವಿಟ್ಟು ತಿಳಿಸಿ. ಮೊಮ್ಮಗಳು ಬಂದು ಕಾಪಿ ಮಾಡಿಕೊಂಡು ನಿಮ್ಮದನ್ನು ನಿಮಗೇ ಕೊಡುತ್ತಾಳೆ.