ಬೆಳಕಿನ ಶಿಲ್ಪಕ್ಕೂ ಪ್ರದಕ್ಷಿಣೆ ಇರಲಿ

ಮಾನ್ಯರೇ,

ಗುಡಿಯ ಗೋಪುರ, ಕಂಬಗಳನ್ನು ನೋಡಿ ರೂಪಿಸಿದ, ಜನ ಹತ್ತಿರ ಬಂದರೆ ಬಣ್ಣ ಬದಲಿಸುವ ಎಲ್‌ಇಡಿ ಶಿಲ್ಪಗಳನ್ನು ನನ್ನ ವಿದ್ಯಾರ್ಥಿಗಳು ಮೊಬೈಲಿನಲ್ಲಿ ತೋರಿಸುತ್ತಿರುತ್ತಾರೆ. ಹಾಸನದಲ್ಲೂ ಅಂಥದ್ದೊಂದು ಬರಲಿ ಎಂಬುದು ಅವರ ಆಸೆ, ನನ್ನದೂ ಹೌದು. ಆದರೆ ಬರೀ ಗೋಪುರದ ಆಕಾರ ಎತ್ತಿಕೊಂಡು ಬಣ್ಣ ಕುಣಿಸಿದರೆ ಸಾಲದು. ಹೊಯ್ಸಳರು ಬೆಳಕನ್ನು ಹೇಗೆ ದುಡಿಸಿಕೊಂಡರು ಎಂಬುದನ್ನು ಮೊದಲು ಕಲಿಯಬೇಕು.

ತರಗತಿಯಲ್ಲಿ ಮಕ್ಕಳಿಂದ ಒಂದು ಚೌಕ ಬರೆಸುತ್ತೇನೆ. ನಡುಬಿಂದು ಕದಲದಂತೆ ಅದನ್ನು 22.5 ಡಿಗ್ರಿಯಂತೆ ಮೂರು ಸಲ ತಿರುಗಿಸಿ ಬರೆದರೆ 16 ಮೂಲೆಯ ನಕ್ಷತ್ರ ಮೂಡುತ್ತದೆ. 13ನೇ ಶತಮಾನದ ಸೋಮನಾಥಪುರದ ಗರ್ಭಗುಡಿಗಳ ತಳವಿನ್ಯಾಸ ಅದೇ. ಗೋಡೆ ಹೀಗೆ ಮಡಚಿ ಮಡಚಿ ಸಾಗುವುದರಿಂದ ಬಿಸಿಲು ಒಂದು ಮುಖಕ್ಕೆ ಬಿದ್ದರೆ ಪಕ್ಕದ್ದು ನೆರಳಲ್ಲಿರುತ್ತದೆ. ಜಗತಿಯ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ ಮೇಲೆ ಸುತ್ತು ಬರುವವರಿಗೆ ಹೆಜ್ಜೆ ಹೆಜ್ಜೆಗೂ ಬೇರೆ ವಿಗ್ರಹ ಎದ್ದು ಕಾಣುತ್ತದೆ. ಬೇಲೂರಿನ ಒಳಗಂತೂ ಇನ್ನೂ ಸೊಗಸು. ಗುಡಿ 1117ರದು, ವೀರಬಲ್ಲಾಳನ ಕಾಲದಲ್ಲಿ ಕೂಡಿಸಿದ ಜಾಲಂಧ್ರಗಳಿಂದ (ತೂತು ಕೊರೆದ ಕಲ್ಲಿನ ಜಾಲರಿಗಳು) ಸೋಸಿ ಬರುವ ಬೆಳಕು ಕಡೆದ ಕಂಬಗಳ ಬಳೆಗಳ ಮೇಲೆ ಹೊಳೆಯುತ್ತದೆ, ನಾವು ಸರಿದಂತೆ ಆ ಹೊಳಪೂ ಸರಿಯುತ್ತದೆ. ಸೆನ್ಸರ್ ಇಲ್ಲದೆಯೇ ನೋಡುವವರಿಗೆ ಸ್ಪಂದಿಸುವ ಶಿಲ್ಪ ಅದು!

ಹಾಗಾಗಿ ಹೊಸ ಶಿಲ್ಪ ಕೈ ಬೀಸಿದವರಿಗಲ್ಲ, ಸುತ್ತು ಬಂದವರಿಗೆ ಬೆಳಗಲಿ. ಪ್ರದಕ್ಷಿಣೆ ಬಂದಂತೆ ಮುಂದಿನ ಮೂಲೆ ಹೊತ್ತಿ ಹಿಂದಿನದು ಮಸುಕಾಗಲಿ. ಗಾಲಿಕುರ್ಚಿಯಲ್ಲಿ ಬಂದವರೂ ಸುತ್ತುವಂತಿರಲಿ. ನೀಲಿ, ನೇರಳೆ ಬೇಡ, ಎಣ್ಣೆದೀಪದ ಬಣ್ಣವೊಂದೇ ಸಾಕು. ಹಗಲಿನಲ್ಲಿ ಅದು ಸತ್ತ ತಂತಿಯ ಗೂಡಿನಂತೆ ನಿಲ್ಲಬಾರದು. ಚೌಕಟ್ಟಿಗೆ ಬಳಪದ ಕಲ್ಲಿನ ಜಾಲಂಧ್ರ ಕೂಡಿಸಿದರೆ ಬಿಸಿಲೇ ನೆಲದ ಮೇಲೆ ಚಿತ್ತಾರ ಬಿಡಿಸುತ್ತದೆ. ಜಿಲ್ಲೆಯಲ್ಲಿ ಕಲ್ಲು ಕೆತ್ತುವವರಿದ್ದಾರೆ, ಎಂಜಿನಿಯರಿಂಗ್ ಕಾಲೇಜುಗಳಿವೆ. ಟೆಂಡರ್ ಕರೆದು ಹೊರಗಿನಿಂದ ಸಿದ್ಧವಸ್ತು ತರಿಸುವ ಬದಲು ಇವರಿಬ್ಬರನ್ನೂ ಒಂದೆಡೆ ಕೂರಿಸಬೇಕು.

ಇನ್ನೊಂದು ಮಾತು. ಇದನ್ನು ಗುಡಿಯ ಆವರಣಕ್ಕೆ ಒಯ್ಯುವ ಯೋಚನೆಯೇ ಬೇಡ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ತನಕ ಹೊಸ ನಿರ್ಮಾಣಕ್ಕೆ ಕಾನೂನೇ ಅಡ್ಡಿ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲಂತೂ ನಾವು ಮತ್ತಷ್ಟು ಎಚ್ಚರದಿಂದಿರಬೇಕು. ಹಾಸನದ ಮಹಾರಾಜ ಪಾರ್ಕ್‌ನಂಥ ಜಾಗ ಇದಕ್ಕೆ ಒಪ್ಪುತ್ತದೆ. ಸಂಜೆ ಹೊತ್ತು ಅಲ್ಲಿಗೆ ಮಕ್ಕಳೂ ಬರುತ್ತಾರೆ, ಅಜ್ಜ ಅಜ್ಜಿಯರೂ ಬರುತ್ತಾರೆ. ಪ್ರವಾಸೋದ್ಯಮ ಇಲಾಖೆ ಮತ್ತು ಜಿಲ್ಲಾಡಳಿತ ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.

– ಚಿತ್ರಕಲಾ ಶಿಕ್ಷಕಿ, ಹಾಸನ