ಘರ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಗೆಳೆಯನಿಗೆ

ದಾವಣಗೆರೆ

ಪ್ರೀತಿಯ ಗೆಳೆಯ,

ಬಿಡದಿಯಿಂದ ಬಂದು ಇವತ್ತಿಗೆ ಹನ್ನೊಂದು ದಿನವಾಯಿತು. ಈ ನಡುವೆ ಎರಡು ಸಲ ಫೋನಿನಲ್ಲಿ ಮಾತಾಡಿದೆವಾದರೂ ನಾನು ಹೇಳಬೇಕೆಂದುಕೊಂಡದ್ದು ಹಾಗೆಯೇ ಉಳಿಯಿತು. ನಿನ್ನ ಗ್ಯಾರೇಜಿನಲ್ಲಿ ಕಂಪ್ರೆಸರ್ ಓಡುತ್ತಿರುವಾಗ, ಹೆದ್ದಾರಿಯ ಲಾರಿಯೊಂದು ರಿಪೇರಿಗೆ ನಿನ್ನನ್ನೇ ಕಾಯುತ್ತಿರುವಾಗ, ಇಷ್ಟುದ್ದದ ಮಾತನ್ನು ಫೋನಿನಲ್ಲಿ ಆಡಲಾಗುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ; ನನ್ನ ವಿದ್ಯಾರ್ಥಿಗಳೂ ಓದಲಿ ಎಂದು ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ.

ವಂಡರ್‌ಲಾಗೆ ನಾವಿಬ್ಬರೂ ಜೊತೆಯಾಗಿ ಹೋದದ್ದು ಇದು ನಾಲ್ಕನೆಯ ಸಲ. ಕೊಚ್ಚಿಯಲ್ಲಿ 2000ದಲ್ಲಿ ಮೊದಲ ಪಾರ್ಕ್ ಕಟ್ಟಿದವರೇ 2005ರಲ್ಲಿ ಬಿಡದಿಯ ಹತ್ತಿರ ಇದನ್ನು ತೆರೆದಾಗ, ನಮ್ಮ ಊರಿನ ಶಾಲೆ ಕಾಲೇಜುಗಳ ಪ್ರವಾಸದ ಪಟ್ಟಿಗೆ ಮೈಸೂರು, ಶ್ರೀರಂಗಪಟ್ಟಣಗಳ ಜೊತೆಗೆ ಇನ್ನೊಂದು ಹೆಸರು ಸೇರಿತು. ಮೊದಲ ಸಲ ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ, ಮಕ್ಕಳನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕೆಂದು ನಿನ್ನನ್ನು ಕರೆದಿದ್ದೆ. ಆಮೇಲಿನ ಎರಡು ಸಲವೂ ನಾವು ನಮಗಾಗಿಯೇ ಹೋದೆವು. ಆ ಮೂರು ಸಲವೂ ನೀನು ಹತ್ತದ ಯಂತ್ರವಿರಲಿಲ್ಲ. ನಾನು ಮಾತ್ರ ಚೀಲ, ಚಪ್ಪಲಿ, ಕನ್ನಡಕಗಳನ್ನು ಕಾಯುತ್ತಾ ಮರದ ನೆರಳಿನಲ್ಲಿ ಕುಳಿತಿದ್ದೆ. ಏಕೆಂದು ನೀನು ಒಮ್ಮೆಯೂ ಕೇಳಲಿಲ್ಲ. ಚಿಕ್ಕಂದಿನಲ್ಲಿ ದುಗ್ಗಮ್ಮನ ಜಾತ್ರೆಗೆ ಬಂದ ತೊಟ್ಟಿಲಲ್ಲಿ ನಾವಿಬ್ಬರೂ ಕುಳಿತಿದ್ದಾಗ, ಕೆಳಗಿನ ತೊಟ್ಟಿಲಿಗೆ ಜನ ಹತ್ತಲೆಂದು ಅದನ್ನು ನಿಲ್ಲಿಸಿ ನಮ್ಮದು ತುತ್ತತುದಿಯಲ್ಲಿ ಓಲಾಡುತ್ತಿದ್ದ ಆ ಹೊತ್ತಿನಲ್ಲಿ, ನಾನು ನಿನ್ನ ಅಂಗಿಯನ್ನು ಹರಿಯುವಷ್ಟು ಬಿಗಿಯಾಗಿ ಹಿಡಿದಿದ್ದೆ. ಅದು ನಿನಗೆ ನೆನಪಿತ್ತೆಂದು ಈಗ ಗೊತ್ತಾಯಿತು.

ಈ ಸಲ ಹತ್ತಲೇಬೇಕೆಂದು ಹೊರಟದ್ದಕ್ಕೆ ಕಾರಣ ತರಗತಿಯಲ್ಲಿ ಬಂದ ಒಂದು ಪ್ರಶ್ನೆ. ಲಂಬವಾದ ವೃತ್ತದಲ್ಲಿ ಸುತ್ತುವ ವಸ್ತುವಿನ ಲೆಕ್ಕವನ್ನು ಇಪ್ಪತ್ತೆರಡು ವರ್ಷಗಳಿಂದ ಹಲಗೆಯ ಮೇಲೆ ಬರೆಯುತ್ತಿದ್ದೇನೆ. ಕೆಳಗಿನ ಬಿಂದುವಿನಲ್ಲಿ ವೇಗ ಇಷ್ಟಾದರೂ ಇರಬೇಕು, ಇಲ್ಲವಾದರೆ ವಸ್ತು ಮೇಲಿನ ಬಿಂದುವನ್ನು ದಾಟದೆ ಬೀಳುತ್ತದೆ ಎಂದು ಹೇಳಿ ಮುಗಿಸಿದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ನೀವು ರೋಲರ್ ಕೋಸ್ಟರ್‌ನಲ್ಲಿ ಕೂತಿದ್ದೀರಾ? ಅಲ್ಲಿ ವೇಗ ಕಡಿಮೆಯಾದರೆ ನಿಜವಾಗಿಯೂ ಬೀಳ್ತೀವಾ?’ ಎಂದು ಕೇಳಿದಳು. ಮೊದಲನೆಯದಕ್ಕೆ ಇಲ್ಲವೆಂದೆ. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಸಂಜೆಯೇ ನಿನಗೆ ಫೋನ್ ಮಾಡಿದೆ.

ರಾತ್ರಿ ಬಸ್ಸಿನ ಪಯಣವನ್ನು ನಾನು ಹೆಚ್ಚು ಬರೆಯುವುದಿಲ್ಲ. ನೀನು ದುರ್ಗದಲ್ಲಿ ಹತ್ತಿಕೊಂಡೆ, ನಾನು ತಂದಿದ್ದ ನರ್ಗಿಸ್ ಮಂಡಕ್ಕಿಯನ್ನು ಹಿರಿಯೂರು ಬರುವಷ್ಟರಲ್ಲಿ ಮುಗಿಸಿದೆವು. ಆದರೆ ಶಿರಾದ ಆಚೆ ಹೋಟೆಲೊಂದರ ಮುಂದೆ ಬಸ್ಸು ನಿಂತು, ಚಾಲಕ ಬ್ರೇಕಿನ ಗುಂಡಿ ಎಳೆದಾಗ ‘ಉಸ್ಸ್’ ಎಂದು ಗಾಳಿ ಹೊರಬಿದ್ದಿತಲ್ಲ, ಆಗ ನೀನು ಹೇಳಿದ್ದನ್ನು ಮಾತ್ರ ಬರೆಯಲೇಬೇಕು. ‘ಗಾಳಿ ಹೋದರೆ ಬ್ರೇಕು ಹೋಯಿತು ಅಂತ ಜನ ತಿಳ್ಕೊಂಡಿರ್ತಾರೆ ಮೇಷ್ಟ್ರೇ. ಗಾಡಿ ನಿಲ್ಲಿಸಿಡುವ ಪಾರ್ಕಿಂಗ್ ಬ್ರೇಕಿನಲ್ಲಿ ಗಾಳಿ ಹೋದರೇನೇ ಬ್ರೇಕು ಹಿಡಿಯೋದು.’ ಹಿಂದಿನ ಗಾಲಿಗಳ ಬಳಿಯ ಚೇಂಬರಿನಲ್ಲಿ ಬಲವಾದ ಸ್ಪ್ರಿಂಗ್ ಇರುತ್ತದೆಂದೂ, ಓಡುವಾಗ ಗಾಳಿಯ ಒತ್ತಡ ಆ ಸ್ಪ್ರಿಂಗನ್ನು ಅದುಮಿಟ್ಟಿರುತ್ತದೆಂದೂ, ಪೈಪು ಒಡೆದು ಗಾಳಿ ಸೋರಿಹೋದರೆ ಸ್ಪ್ರಿಂಗ್ ಚಾಚಿಕೊಂಡು ಗಾಲಿಯನ್ನು ತಾನೇ ಬಿಗಿಯುತ್ತದೆಂದೂ ನೀನು ನಿನ್ನ ಎರಡು ಅಂಗೈಗಳಲ್ಲಿಯೇ ತೋರಿಸಿದೆ. ಕೆಟ್ಟುಹೋದಾಗ ಅಪಾಯದ ಕಡೆಗೆ ವಾಲದೆ ಸುರಕ್ಷಿತವಾದ ಕಡೆಗೆ ವಾಲುವಂತೆ ಯಂತ್ರವನ್ನು ಕಟ್ಟಬಹುದು ಎನ್ನುವುದು ನನಗೆ ಪದಗಳಲ್ಲಿ ಗೊತ್ತಿತ್ತು; ಕೈಯಲ್ಲಿ ತೋರಿಸಿದವನು ನೀನು.

ಮೆಜೆಸ್ಟಿಕ್‌ನಿಂದ ಚಲ್ಲಘಟ್ಟದವರೆಗೆ ಮೆಟ್ರೋ, ಅಲ್ಲಿಂದ ಬಸ್ಸು, ಬಿಡದಿಯಲ್ಲಿ ತಟ್ಟೆ ಇಡ್ಲಿ. ಬಾಗಿಲು ತೆರೆಯುವ ಮೊದಲೇ ನಾವು ಸಾಲಿನಲ್ಲಿ ನಿಂತಿದ್ದೆವು. ಅಲೆಗಳ ಕೊಳದತ್ತ ಹೊರಟಿದ್ದ ಮಕ್ಕಳ ಗುಂಪನ್ನು ಬಿಟ್ಟು ನೀನು ನನ್ನನ್ನು ನೇರವಾಗಿ ರಿಕಾಯ್ಲ್ ಎಂಬ ರೋಲರ್ ಕೋಸ್ಟರ್ ಬಳಿಗೆ ಕರೆದುಕೊಂಡು ಹೋದೆ, ಆದರೆ ಸರತಿ ಸಾಲಿಗೆ ಸೇರಿಸಲಿಲ್ಲ. ಹೊರಗೆ, ಹಳಿ ಚೆನ್ನಾಗಿ ಕಾಣುವ ಕಡೆ ನಿಲ್ಲಿಸಿ ಅರ್ಧ ಗಂಟೆ ಸುಮ್ಮನೆ ನೋಡಿಸಿದೆ. ಆ ಅರ್ಧ ಗಂಟೆಗೆ ನಾನು ನಿನಗೆ ಎಷ್ಟು ಋಣಿಯೆಂಬುದನ್ನು ಹೇಳುವುದಕ್ಕೇ ಈ ಪತ್ರ.

ನಾನು ನೋಡಿದ್ದು ಹಳಿಯ ಆಕಾರವನ್ನು. ರೈಲು ತಲೆಕೆಳಗಾಗುವ ಆ ಸುತ್ತು ಪೂರ್ಣ ವೃತ್ತವಲ್ಲ. ಕಣ್ಣೀರಿನ ಹನಿಯ ಹಾಗೆ ಮೇಲೆ ಕಿರಿದಾಗಿ ಬಾಗಿ, ಕೆಳಗೆ ಹರವಾಗಿ ಬಿಚ್ಚಿಕೊಳ್ಳುತ್ತದೆ. ಅದರ ಕಾರಣವನ್ನು ನಾನು ನಿನಗೆ ವಿವರಿಸಿದೆ, ನೀನು ಕೇಳಿದ ರೀತಿ ನನಗೆ ತುಂಬ ಇಷ್ಟವಾಯಿತು. ಸುತ್ತು ಸರಿಯಾದ ವೃತ್ತವಾಗಿದ್ದರೆ, ತುದಿಯನ್ನು ಕಷ್ಟಪಟ್ಟು ದಾಟುವಷ್ಟೇ ವೇಗ ಕೊಟ್ಟರೂ, ಕೆಳಗಿನ ಬಿಂದುವಿನಲ್ಲಿ ಕುಳಿತವನಿಗೆ ತನ್ನ ತೂಕ ಆರು ಪಟ್ಟು ಆದಂತೆ ಅನಿಸುತ್ತದೆ. 1895ರಲ್ಲಿ ಅಮೆರಿಕದ ಕೋನಿ ಐಲೆಂಡ್‌ನಲ್ಲಿ ಅಂಥ ದುಂಡನೆಯ ಸುತ್ತನ್ನೇ ಕಟ್ಟಿದ್ದರು, ಹತ್ತಿದವರ ಕುತ್ತಿಗೆಗೆ ಪೆಟ್ಟಾಗುತ್ತಿತ್ತು. ವರ್ನರ್ ಸ್ಟೆಂಗೆಲ್ ಎಂಬ ಜರ್ಮನ್ ಎಂಜಿನಿಯರ್ ಹನಿಯಾಕಾರದ ಸುತ್ತನ್ನು ಲೆಕ್ಕಹಾಕಿ, 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದು ಓಡಿದ ಮೇಲೆಯೇ ಇಂಥ ಸುತ್ತುಗಳು ಮತ್ತೆ ಬಳಕೆಗೆ ಬಂದವು. ವೇಗ ಹೆಚ್ಚಿರುವ ಕೆಳಭಾಗದಲ್ಲಿ ತಿರುವು ವಿಶಾಲ, ವೇಗ ತಗ್ಗಿರುವ ಮೇಲ್ಭಾಗದಲ್ಲಿ ತಿರುವು ಕಿರಿದು. ಹಾಗಾಗಿ ಮೈಮೇಲೆ ಬೀಳುವ ಭಾರ ಎಲ್ಲಿಯೂ ಮಿತಿಮೀರುವುದಿಲ್ಲ. ಇದನ್ನು ಕೇಳಿ ನೀನು ಘಾಟಿ ರಸ್ತೆಯ ತಿರುವಿನಲ್ಲಿ ಲಾರಿ ತಿರುಗಿಸುವುದನ್ನು ನೆನಪಿಸಿಕೊಂಡೆ. ಅದು ಅದೇ ಲೆಕ್ಕ.

ನೀನು ನೋಡಿದ್ದು ಗಾಲಿಗಳನ್ನು. ರೈಲು ನಮ್ಮ ತಲೆಯ ಮೇಲೆ ಹಾದುಹೋದಾಗ ನನಗೆ ಕೂಗು ಮಾತ್ರ ಕೇಳಿಸಿತು. ನೀನು ನನ್ನ ತೋಳು ಹಿಡಿದು, ‘ಹಳಿಯ ಮೇಲೊಂದು ಗಾಲಿ, ಪಕ್ಕಕ್ಕೊಂದು, ಕೆಳಗೊಂದು. ಆ ಕೆಳಗಿನದನ್ನು ನೋಡು’ ಎಂದೆ. ಮುಂದಿನ ಸಲ ರೈಲು ಬಂದಾಗ ಕಂಡಿತು. ಕೊಳವೆಯಂಥ ಹಳಿಯನ್ನು ಮೂರು ಕಡೆಯಿಂದಲೂ ಗಾಲಿಗಳು ತಬ್ಬಿಕೊಂಡಿವೆ. ಹಳಿಯ ಕೆಳಗಿನಿಂದ ಹಿಡಿಯುವ ಆ ಗಾಲಿ, ರೈಲು ಮೇಲೆ ಎಗರದಂತೆಯೂ ತಲೆಕೆಳಗಾದಾಗ ಕಳಚದಂತೆಯೂ ತಡೆಯುತ್ತದೆ. ಮನೆಗೆ ಬಂದು ಹುಡುಕಿದಾಗ, ಜಾನ್ ಮಿಲ್ಲರ್ ಎಂಬಾತ 1919ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದನೆಂದು ತಿಳಿಯಿತು. ನೂರು ವರ್ಷಕ್ಕೂ ಹಳೆಯ ಆ ಗಾಲಿ, ನಾನು ಹಲಗೆಯ ಮೇಲೆ ಬರೆದ ಚಿತ್ರದಲ್ಲಿ ಒಂದು ದಿನವೂ ಇರಲಿಲ್ಲ. ನನ್ನ ಚಿತ್ರದಲ್ಲಿ ವಸ್ತು ಹಳಿಯ ಒಳಮೈಯ ಮೇಲೆ ಸುಮ್ಮನೆ ಉರುಳುತ್ತಿತ್ತು. ವೇಗ ಸಾಲದಿದ್ದರೆ ಬೀಳಲೇಬೇಕಾಗಿತ್ತು. ನಲವತ್ತು ವರ್ಷಗಳಿಂದ ನನ್ನಲ್ಲಿದ್ದ ಭಯಕ್ಕೆ ನನ್ನದೇ ಲೆಕ್ಕ ಇಷ್ಟು ವರ್ಷ ನೀರೆರೆದಿತ್ತು. ‘ನಿನ್ನ ಪುಸ್ತಕದ ರೈಲು ಬೀಳುತ್ತೆ, ಈ ರೈಲು ಬೀಳಲ್ಲ, ಬಾ’ ಎಂದು ನೀನು ಸಾಲಿನ ಕಡೆಗೆ ನಡೆದೆ.

ಹತ್ತಿ ಕುಳಿತ ಮೇಲೆ ಹೆಗಲಿನ ಮೇಲಿನಿಂದ ಬರುವ ಕಂಬಿಯನ್ನು ಸಿಬ್ಬಂದಿ ಎಳೆದು ನೋಡಿದರು, ಅವರು ಆಚೆ ಹೋದ ಮೇಲೆ ನೀನೂ ಎಳೆದು ನೋಡಿದೆ. ರೈಲು ಮುಂದಕ್ಕೆ ಹೋಗಲಿಲ್ಲ. ಹಿಂದು ಹಿಂದಾಗಿ ಇಳಿಜಾರಿನ ಮೇಲೆ ಏರತೊಡಗಿತು. ನೆಲ ನಮ್ಮ ಮುಖದ ಎದುರಿಗೇ ಬಂದು ನಿಂತಿತು. ದುರ್ಗದ ಕೋಟೆಯ ಬತೇರಿಯ ಮೇಲೆ ನಿಂತು ಬಗ್ಗಿ ನೋಡಿದರೂ ಕಾಲಡಿ ಕಲ್ಲಿರುತ್ತದೆ. ಇಲ್ಲಿ ಎದೆಗೆ ಕಂಬಿ, ಅದರಾಚೆ ಬಯಲು. ನನ್ನ ಬಾಯಿ ಒಣಗಿತ್ತು. ನೀನು ಏನೂ ಹೇಳದೆ ನಿನ್ನ ಕೈಯನ್ನು ಕಂಬಿಯ ಮೇಲೆ ನನ್ನ ಕೈಯ ಪಕ್ಕದಲ್ಲಿಟ್ಟೆ. ಕೊಂಡಿ ಬಿಟ್ಟಿತು.

ಆ ಮೇಲಿನ ಕೆಲವು ಕ್ಷಣಗಳನ್ನು ಕ್ರಮವಾಗಿ ಬರೆಯಲಾರೆ. ಹೊಟ್ಟೆಯೊಳಗಿನದೆಲ್ಲ ಮೇಲೆ ತೇಲಿದಂತಾದದ್ದು ಗೊತ್ತು. ದೇಹ ಸ್ವತಂತ್ರವಾಗಿ ಬೀಳುತ್ತಿರುವಾಗ ಆಸನವು ನಮ್ಮನ್ನು ಮೇಲಕ್ಕೆ ಒತ್ತುವುದಿಲ್ಲ, ನಾವು ತೂಕವೆಂದು ಅನುಭವಿಸುವುದು ಆ ಒತ್ತನ್ನೇ ಎಂದು ಎಷ್ಟು ಸಲ ಪಾಠ ಮಾಡಿದ್ದೇನೆ! ಅದು ನನ್ನ ಮೈಗೆ ಅರ್ಥವಾದದ್ದು ಅಂದು. ಸುತ್ತಿನ ಕೆಳಗೆ ಗಲ್ಲ ಎದೆಗೆ ಒತ್ತಿತು, ಮೇಲೆ ಆಕಾಶವಿರಬೇಕಾದ ಕಡೆ ಮರಗಳಿದ್ದವು, ಮತ್ತೆ ರೈಲು ಎದುರಿನ ಇಳಿಜಾರನ್ನು ಏರುತ್ತಾ ಏರುತ್ತಾ ನಿಧಾನವಾಯಿತು. ಅಲ್ಲಿ, ಬರೀ ಆಕಾಶ ಕಾಣುತ್ತಿದ್ದಾಗ, ಕಟಕಟವೆನ್ನುವ ಸದ್ದು ಬಂದಿತು. ನೀನು ನನ್ನ ಕಿವಿಯ ಹತ್ತಿರ, ‘ಸರಪಳಿ ಹಿಡೀತು’ ಎಂದೆ.

ಅದನ್ನು ಆಮೇಲೆ ಬೆಂಚಿನ ಮೇಲೆ ಕುಳಿತು ಮಾತಾಡಿದೆವಲ್ಲ. ಮೊದಲ ಇಳಿಜಾರಿನಿಂದ ಬಿಟ್ಟ ರೈಲು ಎರಡನೆಯದರಲ್ಲಿ ಅಷ್ಟೇ ಎತ್ತರವನ್ನು ತಾನಾಗಿ ಮುಟ್ಟಲಾರದು. ಗಾಲಿಗಳ ಘರ್ಷಣೆಗೂ ಗಾಳಿಯ ತಡೆಗೂ ಸ್ವಲ್ಪ ಶಕ್ತಿ ಹೋಗಿರುತ್ತದೆ. ಹಿಂದಕ್ಕೆ ಅದೇ ಸುತ್ತುಗಳನ್ನು ದಾಟಿ ಬರಬೇಕಾದರೆ ಕಳೆದುಹೋದಷ್ಟನ್ನು ಯಾರಾದರೂ ಕೊಡಬೇಕು. ಆದ್ದರಿಂದ ಈ ಬಗೆಯ ಕೋಸ್ಟರ್‌ಗಳಲ್ಲಿ ರೈಲನ್ನು ಎರಡನೆಯ ಇಳಿಜಾರಿನಲ್ಲಿ ಮತ್ತೆ ಹಿಡಿದು ಮೇಲಕ್ಕೆಳೆದು, ಆಮೇಲೆ ಹಿಂದಕ್ಕೆ ಬಿಡುತ್ತಾರೆ. ನಾನು ಪ್ರತಿ ಲೆಕ್ಕದ ಕೊನೆಗೆ ‘ಘರ್ಷಣೆಯನ್ನು ನಿರ್ಲಕ್ಷಿಸಿ’ ಎಂದು ಬರೆಸುತ್ತೇನೆ. ನಿನ್ನ ಬದುಕೆಲ್ಲ ಘರ್ಷಣೆಯೇ ಗೆಳೆಯ: ಎಲ್ಲಿ ಬೇಕೋ ಅಲ್ಲಿ ಅದನ್ನು ಹೆಚ್ಚಿಸಲು ಬ್ರೇಕ್ ಲೈನರ್, ಕ್ಲಚ್ ಪ್ಲೇಟ್, ಎಲ್ಲಿ ಬೇಡವೋ ಅಲ್ಲಿ ತಗ್ಗಿಸಲು ಬೇರಿಂಗ್, ಗ್ರೀಸ್. ನಾನು ಬಿಟ್ಟುಬಿಟ್ಟದ್ದನ್ನೇ ನೀನು ಮೂವತ್ತು ವರ್ಷ ಕೈಯಲ್ಲಿ ಹಿಡಿದು ಅನ್ನ ಸಂಪಾದಿಸಿದ್ದೀಯೆ.

ನಿಲ್ದಾಣಕ್ಕೆ ಬಂದು ರೈಲು ನಿಂತಾಗ ‘ಉಸ್ಸ್’ ಎಂದಿತು. ನಾವಿಬ್ಬರೂ ಒಟ್ಟಿಗೇ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಶಿರಾದ ಆಚೆ ಕೇಳಿದ ಸದ್ದೇ ಅದು. ಇಂಥ ಕೋಸ್ಟರ್‌ಗಳ ಬ್ರೇಕುಗಳನ್ನೂ ಸಾಮಾನ್ಯವಾಗಿ ವಿದ್ಯುತ್ತಾಗಲಿ ಗಾಳಿಯ ಒತ್ತಡವಾಗಲಿ ನಿಂತುಹೋದರೆ ತಾವಾಗಿಯೇ ಹಿಡಿಯುವಂತೆ ಕಟ್ಟಿರುತ್ತಾರೆ. ಆ ಸದ್ದು ಕೇಳಿದ ಮೇಲೆ ನನ್ನ ಕಾಲಿನ ನಡುಕ ನಿಂತಿತೆಂದರೆ ನೀನು ನಂಬಬೇಕು. ಕಂಬಿ ಮೇಲೇಳುತ್ತಿದ್ದಂತೆಯೇ ‘ಇನ್ನೊಂದು ಸಲ ಹತ್ತೋಣ’ ಎಂದವನು ನಾನು.

ಸಂಜೆ ಸ್ಕೈ ವೀಲ್‌ಗಾಗಿ ಲಿಫ್ಟಿನಲ್ಲಿ ಆ ಎತ್ತರದ ಕಟ್ಟಡದ ನೆತ್ತಿಗೆ ಹೋದಾಗ, ಚಕ್ರ ನಮ್ಮನ್ನು ತುದಿಗೆ ಒಯ್ಯುತ್ತಿದ್ದಂತೆ ದೂರದ ಬಂಡೆಗುಡ್ಡಗಳು ಕಂಡವು; ದುರ್ಗದ ಬಂಡೆಗಳಂತೆಯೇ ಇವೆಯೆಂದು ನೀನು ಕೈ ತೋರಿಸಿದೆ. ಆಗ ಜಾತ್ರೆಯ ತೊಟ್ಟಿಲ ಮಾತು ಬಂದಿತು. ಅಂದು ನನ್ನ ಹಿಡಿತಕ್ಕೆ ನಿನ್ನ ಅಂಗಿಯ ಗುಂಡಿ ಕಿತ್ತುಹೋಗಿತ್ತೆಂದೂ, ಮನೆಯಲ್ಲಿ ಬೈದಾಗ ಆಟವಾಡುವಾಗ ಹೋಯಿತೆಂದು ಹೇಳಿದ್ದೆಯೆಂದೂ ನೀನು ಅಷ್ಟು ವರ್ಷಗಳ ಮೇಲೆ ಹೇಳಿದೆ. ನಾನು ಭಯಪಟ್ಟದ್ದನ್ನು ನೀನು ಯಾರಿಗೂ ಹೇಳಿರಲಿಲ್ಲ. ಆ ಹೊತ್ತಿಗೆ ನನಗೆ ಮಾತು ಹೊರಡಲಿಲ್ಲ; ಇಲ್ಲಿ ಹೇಳುತ್ತಿದ್ದೇನೆ, ಆ ಗುಂಡಿಯ ಋಣ ದೊಡ್ಡದು.

ಮರುದಿನದ ತರಗತಿಯಲ್ಲಿ ಆ ಹುಡುಗಿಗೆ ಉತ್ತರ ಕೊಟ್ಟೆ. ಹಲಗೆಯ ಮೇಲೆ ಮೂರು ಗಾಲಿಗಳನ್ನೂ ಬರೆದು ತೋರಿಸಿದೆ, ಸುತ್ತನ್ನು ಹನಿಯ ಆಕಾರಕ್ಕೆ ತಿದ್ದಿದೆ. ಅವಳು ಕುಳಿತುಕೊಳ್ಳದೆ ಇನ್ನೊಂದು ಪ್ರಶ್ನೆ ಕೇಳಿದಳು: ರೈಲು ಸುತ್ತಿನ ನಡುವೆಯೇ ನಿಂತುಬಿಟ್ಟರೆ ಗಾಲಿಯ ಬೇರಿಂಗ್ ಮೇಲೆ ಎಷ್ಟು ಭಾರ ಬೀಳುತ್ತದೆ, ಅದನ್ನು ಎಷ್ಟು ದಿನಕ್ಕೊಮ್ಮೆ ಬದಲಿಸುತ್ತಾರೆ? ಮೊದಲ ಭಾಗದ ಲೆಕ್ಕವನ್ನು ಅವಳಿಂದಲೇ ಮಾಡಿಸಿದ್ದೇನೆ. ಬೇರಿಂಗ್ ಸವೆಯುವುದು ಹೇಗೆ ಗೊತ್ತಾಗುತ್ತದೆ, ಅದರ ಸದ್ದು ಹೇಗೆ ಬದಲಾಗುತ್ತದೆ ಎಂಬುದನ್ನು ಹೇಳಬೇಕಾದವನು ನೀನು. ಡಿಸೆಂಬರಿನಲ್ಲಿ ಈ ತರಗತಿಯನ್ನು ಬಿಡದಿಗೆ ಕರೆದುಕೊಂಡು ಹೋಗಲು ಒಪ್ಪಿಗೆ ಸಿಕ್ಕಿದೆ. ನಿನ್ನ ಹೆಸರನ್ನೂ ಪಟ್ಟಿಗೆ ಸೇರಿಸಿದ್ದೇನೆ. ಅದಕ್ಕೆ ಮೊದಲು ಒಂದು ಶನಿವಾರ ಬೆಳಿಗ್ಗೆ ಗ್ಯಾರೇಜನ್ನು ಹುಡುಗರಿಗೆ ಬಿಟ್ಟು ದಾವಣಗೆರೆಗೆ ಬಾ. ಬರುವಾಗ ಸವೆದ ಬೇರಿಂಗ್ ಒಂದು, ಹೊಸದು ಒಂದು, ಮತ್ತು ಹಳೆಯ ಬ್ರೇಕ್ ಚೇಂಬರ್ ಒಂದನ್ನು ತಾ. ಚೇಂಬರಿನ ಸ್ಪ್ರಿಂಗನ್ನು ಅಲ್ಲಿಯೇ ಬಿಚ್ಚಿ ತೆಗೆದುಬಿಟ್ಟಿರು, ಅದು ಮಕ್ಕಳ ಮುಂದೆ ಬಿಚ್ಚುವಂಥದ್ದಲ್ಲವೆಂದು ನೀನೇ ಹೇಳಿದ್ದೆ. ಮಧ್ಯಾಹ್ನ ಬೆಣ್ಣೆ ದೋಸೆ ತಿನ್ನೋಣ, ರಾತ್ರಿ ನಮ್ಮ ಮನೆಯಲ್ಲಿಯೇ ಉಳಿದುಕೋ. ಯಾವ ಶನಿವಾರವೆಂದು ತಿಳಿಸಿದರೆ ಅಂದು ಪ್ರಯೋಗಾಲಯವನ್ನು ತೆರೆದಿಡುತ್ತೇನೆ.

ನಿನ್ನ,
ಒಂದೇ ಬೆಂಚಿನ ಗೆಳೆಯ